ಹಳೆ ಕಾರಿಗೆ ಸ್ಟಾರ್ಟ್ ಬಟನ್ ಹಾಕುವವರು ರಿಲೇ ಬಿಡಬೇಡಿ

ನಮ್ಮ ಹಳೆ ಕಾರಿಗೆ ನಾನೇ ಸ್ಟಾರ್ಟ್ ಬಟನ್ ಹಾಕಿ ಎರಡು ಮಳೆಗಾಲ ಕಳೆಯಿತು. ಮಾಡುವ ಆಸೆ ಇರುವವರಿಗೆ ಹೇಳುತ್ತಿದ್ದೇನೆ.

ಕೀ ತೆಗೆಯಬೇಡಿ. ಇಗ್ನಿಷನ್ ಆನ್ ಮಾಡುವುದು, ಸ್ಟೀರಿಂಗ್ ಲಾಕ್ ಬಿಡಿಸುವುದು ಕೀಯಿಂದಲೇ ಆಗಲಿ. ಬಟನ್ ಸ್ಟಾರ್ಟರ್, ಅಂದರೆ ಎಂಜಿನ್ ಶುರು ಮಾಡುವ ಮೋಟರ್, ತಿರುಗಿಸಲು ಮಾತ್ರ.

ಬಟನ್‌ನಿಂದ ನೇರ ಸ್ಟಾರ್ಟರ್‌ಗೆ ವೈರ್ ಎಳೆಯಲೇಬೇಡಿ. ನಾನು ಮೊದಲು ಹಾಗೇ ಮಾಡಿದ್ದೆ. ಬಟನ್ ಒಳಗೆ ಸುಟ್ಟು ಅಂಟಿಕೊಂಡಿತು. ಕೈ ತೆಗೆದರೂ ಸ್ಟಾರ್ಟರ್ ಕಿರ್ರ್ ಅಂತ ತಿರುಗುತ್ತಲೇ ಇತ್ತು, ಬ್ಯಾಟರಿ ವೈರ್ ಕಳಚಿದ ಮೇಲೆಯೇ ನಿಂತದ್ದು. ತುಂಬಾ ಹೆದರಿದ್ದೆ.

ಅದಕ್ಕೇ ನಡುವೆ ರಿಲೇ ಬೇಕು, ಅಂದರೆ ಬಟನ್‌ನ ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. 12 ವೋಲ್ಟ್, 40 ಆಂಪಿಯರ್‌ದು ತನ್ನಿ, ಪಿನ್ ನಂಬರ್ ಅದರ ಮೇಲೇ ಇರುತ್ತದೆ. 30ನೇ ಪಿನ್‌ಗೆ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್. 87ರಿಂದ ಸ್ಟಾರ್ಟರ್ ಸೊಲೆನಾಯ್ಡ್‌ಗೆ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಭಾಗ) ಹೋಗುವ ಸಣ್ಣ ವೈರ್. ಇಗ್ನಿಷನ್ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ವೈರನ್ನು ಬಟನ್ ಮೂಲಕ 86ಕ್ಕೆ ಕೊಡಿ. 85 ಅರ್ತ್‌ಗೆ, ಆದರೆ ನಡುವೆ ಕ್ಲಚ್ ಸ್ವಿಚ್ ಇರಲಿ, ಕ್ಲಚ್ ತುಳಿದಾಗ ಮಾತ್ರ ಆನ್ ಆಗುವಂಥದ್ದು. ಕಾರು ಗೇರಲ್ಲಿದ್ದಾಗ ಮಕ್ಕಳು ಸುಮ್ನೆ ಬಟನ್ ಒತ್ತಿದರೆ ಮುಂದಕ್ಕೆ ಹಾರುತ್ತದೆ ಅಲ್ವಾ, ಅದಕ್ಕೆ. ಒತ್ತಿ ಬಿಟ್ಟರೆ ತಾನೇ ವಾಪಸ್ ಬರುವ ಬಟನ್ನೇ ಬೇಕು.

ಮಲ್ಪೆ, ಪಣಂಬೂರು ಕಡೆ ಮನೆ ಇದ್ದವರು ಜಾಯಿಂಟ್ ಬಗ್ಗೆ ಜಾಸ್ತಿ ಗಮನ ಕೊಡಿ. ಉಪ್ಪುಗಾಳಿಗೆ ತಾಮ್ರ ಬೇಗ ಹಸಿರು ಹಿಡಿಯುತ್ತದೆ. ಬರೀ ತಿರುಚಿ ಟೇಪ್ ಸುತ್ತಿದರೆ ಸಾಲದು, ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ರಿಲೇ ಪಿನ್ ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಕಳಚಿಡಿ.