ನೆಲ್ಲಿ ಕೊಯ್ಯಲು ಹೋಗಿ ಉಪ್ಪಿಲು ಕಡಿದದ್ದು

ನಾನು ಸೋಲಿಗರ ಹುಡುಗ. ಹುಟ್ಟಿದ್ದು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ನಮ್ಮ ಜನರ ಹಾಡಿಯಲ್ಲಿ. ಆದರೆ ನೆಲ್ಲಿಕಾಯಿ ಕೊಯ್ಯುವುದನ್ನು ಸರಿಯಾಗಿ ಕಲಿತದ್ದು ಇಪ್ಪತ್ತಾರು ದಾಟಿದ ಮೇಲೆ. ಹಾಸ್ಟೆಲ್ಲಿನಲ್ಲಿ ಓದಿ, ಮೈಸೂರಿನಲ್ಲಿ ನಾಲ್ಕು ವರ್ಷ ದುಡಿದು ವಾಪಸ್ ಬಂದಾಗ ನನಗೆ ಕಾಡಿನ ದಾರಿ ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ.

ಮೊದಲ ಸಲ ಮಾವನ ಜೊತೆ ಹೋದದ್ದು ಡಿಸೆಂಬರ್ ಕೊನೆಯಲ್ಲಿ. ಆರೇಳು ಜನ ಇದ್ದೆವು. ಒಬ್ಬೊಬ್ಬರೇ ಹೋಗುವುದಿಲ್ಲ, ಆನೆ ಕಾಟ. ಮುಂದೆ ನಡೆಯುವವರು ಲದ್ದಿ ಕಂಡರೆ ಕಾಲಿನಿಂದ ಒತ್ತಿ ನೋಡುತ್ತಾರೆ. ಬಿಸಿ ಇದ್ದರೆ ಯಾರೂ ಮಾತಾಡದೆ ಬೇರೆ ದಾರಿ ಹಿಡಿಯುತ್ತಾರೆ. ಇಷ್ಟನ್ನು ನಾನು ಮೊದಲೇ ಬಲ್ಲೆ.

ಮರ ಹತ್ತಿದೆ. ಕಾಯಿ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಒಂದೊಂದೇ ಕೊಂಬೆ ಬಗ್ಗಿಸಿ ಕೊಯ್ಯುವಷ್ಟು ತಾಳ್ಮೆ ಎಲ್ಲಿ? ತೋಳು ಗಾತ್ರದ ಕೊಂಬೆಯನ್ನೇ ಮುರಿದು ಕೆಳಗೆ ಬಿಟ್ಟೆ. ಕೆಳಗೆ ಕೂತು ಆರಾಮಾಗಿ ಬಿಡಿಸಬಹುದು, ಅಲ್ವಾ? ಮಾವ ಬಂದು ಕೊಂಬೆಯನ್ನು ನೋಡಿದ, ನನ್ನನ್ನು ನೋಡಿದ. "ಬಳೆ ಬೇಕು ಅಂತ ಕೈನೇ ಕಡಿದಂಗಾಯ್ತು ಕಣ್ಲಾ" ಅಂದ.

ಆಮೇಲೆ ಮರದ ತುದಿ ತೋರಿಸಿ, "ಅದ್ಯಾವ ಸೊಪ್ಪು?" ಅಂತ ಕೇಳಿದ. ನೆಲ್ಲಿ ಸೊಪ್ಪು ಅಂದೆ. ಎಲ್ಲರೂ ನಕ್ಕರು. ನೆಲ್ಲಿ ಎಲೆ ಹುಣಸೆ ಎಲೆ ಹಾಗೆ ಸಣ್ಣದು. ತುದಿಯಲ್ಲಿದ್ದದ್ದು ಅಗಲವಾಗಿ, ದಪ್ಪಗಿತ್ತು. ಅದೇ ಉಪ್ಪಿಲು. ಬಂದಳಿಕೆ ಜಾತಿಯ ಗಿಡ. ನೆಲ್ಲಿ ಮರದ ನೀರನ್ನು ಹೀರಿಯೇ ಅದು ಬದುಕಬೇಕು. ನೆಲ್ಲಿ ಎಲೆ ಉದುರಿದ ಕಾಲದಲ್ಲಿ ನೋಡಿದರೆ ಮರ ಬೋಳು, ಉಪ್ಪಿಲು ಮಾತ್ರ ಹಚ್ಚಗೆ ಕೂತಿರುತ್ತದೆ. ಅದು ಹಿಡಿದ ಕೊಂಬೆಯಲ್ಲಿ ಕಾಯಿ ಕಡಿಮೆಯಾಗುತ್ತಾ ಬಂದು, ಕೊನೆಗೆ ಕೊಂಬೆಯೇ ಒಣಗುತ್ತದೆ.

ಅದು ಹರಡುವ ರೀತಿ ಮಜವಾಗಿದೆ. ಹೆಬ್ಬೆರಳಷ್ಟು ದೊಡ್ಡ ಒಂದು ಹಕ್ಕಿ ಉಪ್ಪಿಲಿನ ಹಣ್ಣು ತಿನ್ನುತ್ತದೆ. ಬೀಜಕ್ಕೆ ಗೋಂದಿನಂಥ ಅಂಟು. ಹಿಕ್ಕೆ ಹಾಕಿದರೂ ಸುಮ್ನೆ ಕೆಳಗೆ ಬೀಳುವುದಿಲ್ಲ. ಹಕ್ಕಿ ಕೊಂಬೆಗೆ ಹಿಂಭಾಗ ತಿಕ್ಕಿ ಬಿಡಿಸಿಕೊಳ್ಳಬೇಕು. ಹಕ್ಕಿ ತಿಕ್ಕಿದ ಜಾಗದಲ್ಲೇ ಬೀಜ ಮೊಳೆಯುತ್ತದೆ.

ಅವತ್ತು ಮುರಿದ ಕೊಂಬೆಗೆ ದಂಡ ಅಂತ ನನಗೆ ಉಪ್ಪಿಲು ಕಡಿಯುವ ಕೆಲಸ ಸಿಕ್ಕಿತು. ಉದ್ದದ ಬಿದಿರು ದೋಟಿಗೆ ಕುಡುಗೋಲು ಕಟ್ಟಿಕೊಂಡು, ಎಲೆ ಕಂಡಲ್ಲೆಲ್ಲ ಸವರಿದೆ. ಸಂಜೆ ಹೊತ್ತಿಗೆ ಎಂಟು ಮರ ಮುಗಿಸಿದ್ದೆ. ಬಹಳ ಹೆಮ್ಮೆಯಾಯಿತು. ಮರುವರ್ಷ ಹೋಗಿ ನೋಡಿದರೆ ಎಂಟರಲ್ಲೂ ಉಪ್ಪಿಲು ಮತ್ತೆ ಚಿಗುರಿತ್ತು!

ನನಗೆ ಗೊತ್ತಿಲ್ಲದಿದ್ದದ್ದು ಗಂಟಿನ ವಿಷಯ. ಉಪ್ಪಿಲು ಕೊಂಬೆಗೆ ಹೊಕ್ಕ ಜಾಗದಲ್ಲಿ ಮೊಣಕಾಲ ಚಿಪ್ಪಿನ ಹಾಗೆ ಒಂದು ಗಂಟು ಊದಿಕೊಂಡಿರುತ್ತದೆ. ಗಿಡದ ಜೀವ ಇರುವುದು ಅಲ್ಲಿ. ಎಲೆ ಸವರಿದರೆ ಅದಕ್ಕೆ ಕ್ಷೌರ ಮಾಡಿಸಿದಂತೆ, ಅಷ್ಟೇ. ಗಂಟಿನಿಂದ ಬುಡದ ಕಡೆಗೆ ಒಂದು ಗೇಣು ಬಿಟ್ಟು ಕೊಂಬೆಯನ್ನೇ ಕಡಿಯಬೇಕು. ಗಂಟು ಕಾಂಡದ ಮೇಲೇ ಕೂತಿದ್ದರೆ ಕಷ್ಟ. ಎಳೆಯದಾದರೆ ಕೆತ್ತಿ ನೋಡುತ್ತೇವೆ. ಬಲಿತು ಹೋಗಿದ್ದರೆ ನಾನಂತೂ ಕೈ ಹಾಕುವುದಿಲ್ಲ. ಕಾಂಡಕ್ಕೆ ಆಗುವ ಗಾಯವೇ ಜಾಸ್ತಿ. ಕೊಂಬೆ ಮುರಿದದ್ದಕ್ಕೆ ಬೈದ ಮಾವನೇ ಇಲ್ಲಿ ಕೊಂಬೆ ಕಡಿ ಅನ್ನುತ್ತಾನಲ್ಲ ಅಂತ ಮೊದಲು ಗೊಂದಲವಾಗಿತ್ತು. ಈಗ ಎರಡರ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ನಮ್ಮ ತಾತನ ಕಾಲದಲ್ಲಿ ಇಷ್ಟು ಉಪ್ಪಿಲು ಇರಲಿಲ್ಲವಂತೆ. ಆಗ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆಯ ಕಾವು ಏರುವ ಮುಂಚೆ, ನೆಲದ ಮೇಲಿನ ಒಣ ಎಲೆಗೆ ಮಾತ್ರ ಹತ್ತಿಸುವ ಸಣ್ಣ ಬೆಂಕಿ. ಅದು ಮೊಣಕಾಲೆತ್ತರವೂ ಏಳುತ್ತಿರಲಿಲ್ಲ, ಅದರ ಹಿಂದೆಯೇ ನಡೆದು ಹೋಗಬಹುದಿತ್ತು ಅನ್ನುತ್ತಿದ್ದ ತಾತ. ತರಗು ಉರಿದು ಹೋಗುತ್ತಿತ್ತು, ಮಳೆ ಬಿದ್ದರೆ ಹೊಸ ಹುಲ್ಲು ಬರುತ್ತಿತ್ತು, ಕಾವಿಗೆ ಉಪ್ಪಿಲೂ ಹದ್ದುಬಸ್ತಿನಲ್ಲಿ ಇರುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಬೆಂಕಿ ನಿಂತಿತು. ಈಗ ಆ ಜಾಗವೆಲ್ಲ ಲಂಟಾನ ಪೊದೆ. ತಲೆಗಿಂತ ಎತ್ತರ, ಆನೆ ಒಳಗಿದ್ದರೂ ಕಾಣುವುದಿಲ್ಲ. ಅದಕ್ಕೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ನೆಲದಲ್ಲಿ ನಿಲ್ಲದೆ ಮರದ ತಲೆಗೇ ಏರುತ್ತದೆ. ನಾನು ತರಗು ಬೆಂಕಿಯನ್ನು ಕಣ್ಣಾರೆ ಕಂಡವನಲ್ಲ, ತಾತನ ಬಾಯಲ್ಲಿ ಕೇಳಿದವನು. ಅದಕ್ಕೇ ಮಚ್ಚು ಹಿಡಿದು ಲಂಟಾನ ಕಡಿಯುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ನಡುವೆ ಕೆಲವು ವರ್ಷ ನೆಲ್ಲಿ ಕೊಯ್ಲೇ ಇರಲಿಲ್ಲ. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ, ಕಾಡಿನಿಂದ ಮಾರಾಟಕ್ಕೆ ಏನೂ ತರುವ ಹಾಗಿರಲಿಲ್ಲ. ನೆಲ್ಲಿ, ಜೇನು, ಪಾಚಿ (ಕಲ್ಲುಹೂವು) ಎಲ್ಲ ನಿಂತಿತು. ನಾನು ಹಾಸ್ಟೆಲ್ಲಿನಲ್ಲಿದ್ದ ಕಾಲ ಅದು. ಕಲಿಯುವ ವಯಸ್ಸಿನಲ್ಲಿ ಕಲಿಸುವ ಕೆಲಸವೇ ಇರಲಿಲ್ಲ. ಬೆಟ್ಟ ಹುಲಿ ಮೀಸಲು ಅರಣ್ಯವಾದದ್ದು 2011ರಲ್ಲಿ. ಅರಣ್ಯ ಹಕ್ಕು ಕಾಯಿದೆಯಡಿ ನಮ್ಮ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಕಾಯಿ ತಂದು ಮಾರುವ ಹಕ್ಕು ಈಗ ಕಾಗದದಲ್ಲಿದೆ.

ಎಷ್ಟು ಕೊಯ್ಯಬೇಕು ಅನ್ನುವುದಕ್ಕೆ ನಮ್ಮಲ್ಲಿ ತೂಕದ ಲೆಕ್ಕ ಇಲ್ಲ. ತುದಿಯ ಕೊಂಬೆಗಳದ್ದು ಬಿಡುತ್ತೇವೆ, ನೆಲಕ್ಕೆ ಬಿದ್ದದ್ದನ್ನೂ ಪೂರ್ತಿ ಬಾಚುವುದಿಲ್ಲ. ಅದು ಜಿಂಕೆ, ಕಡವೆ, ಕಾಡುಕುರಿ ಪಾಲು. ಇದರಲ್ಲಿ ಬರೀ ದಾನಧರ್ಮ ಇಲ್ಲ. ಜಿಂಕೆ ಕಾಯಿ ನುಂಗಿ, ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಆ ಗಟ್ಟಿ ಬೀಜ ಬಿಸಿಲಿಗೆ ಒಣಗಿ ಪಟ್ ಅಂತ ಒಡೆಯುತ್ತದೆ. ಒಳಗಿನ ಸಣ್ಣ ಬೀಜಗಳು ಸಿಡಿದು ಬೀಳುತ್ತವೆ. ಹೊಸ ನೆಲ್ಲಿ ಗಿಡ ಬರುವುದು ಹಾಗೆ. ಕಾಡುಗೆಣಸು ಅಗೆಯುವಾಗಲೂ ಅವ್ವ ಹೀಗೇ ಮಾಡುತ್ತಾಳೆ. ಬಳ್ಳಿಯ ತಲೆಯನ್ನು ಗೆಡ್ಡೆಯ ಚೂರಿನ ಸಮೇತ ಗುಂಡಿಗೆ ಇಟ್ಟು, ಮಣ್ಣು ಎಳೆದು ಕಾಲಿನಿಂದ ತುಳಿದೇ ಮೇಲೇಳುವುದು.

ಕೊಯ್ದ ಕಾಯಿಯಲ್ಲಿ ಬಹುಪಾಲು ಸೊಸೈಟಿಗೆ ಹೋಗುತ್ತದೆ. ಮನೆಗೆ ಉಳಿದದ್ದನ್ನು ಬೇಯಿಸಿ, ಬೀಜ ತೆಗೆದು, ಬಂಡೆ ಮೇಲೆ ಒಣಗಿಸಿ ಚೆಟ್ಟು ಮಾಡುತ್ತೇವೆ. ನಾನು ಒಮ್ಮೆ ಎರಡೇ ದಿನಕ್ಕೆ ಚೀಲಕ್ಕೆ ತುಂಬಿಟ್ಟು ಬೂಸು ಬರಿಸಿದ್ದೆ. ಅದರ ಬಗ್ಗೆ ಅವ್ವ ಇವತ್ತಿಗೂ ಮಾತು ನಿಲ್ಲಿಸಿಲ್ಲ.

ಈ ಸಲ ಆ ಎಂಟು ಮರಗಳನ್ನು ಇನ್ನೊಮ್ಮೆ ನೋಡಿ ಬಂದೆ. ಗಂಟಿನಿಂದ ಕೆಳಗೆ ಕಡಿದ ಕಡೆಯೆಲ್ಲ ತೊಗಟೆ ಕೂಡಿಕೊಂಡು, ಪಕ್ಕದಲ್ಲಿ ನೆಲ್ಲಿ ಚಿಗುರು ಬಂದಿದೆ. ಒಂದು ಮರದ ನೆತ್ತಿಯಲ್ಲಿ ಮಾತ್ರ ಉಪ್ಪಿಲು ಹೂ ಬಿಟ್ಟು ನಿಂತಿತ್ತು. ಮಾವ ಕತ್ತೆತ್ತಿ ನೋಡಿ, "ದೋಟಿ ಗಿಡ್ಡ ಆಯ್ತು ಕಣ್ಲಾ, ಇನ್ನೊಂದು ಬಿದ್ರು ಜೋಡಿಸು" ಅಂದ.