ಹಪ್ಪಳದ ಹಸಿ ಹಿಟ್ಟಿಗೆ ತೆಂಗಿನೆಣ್ಣೆ, ಕರಿದ ಹಪ್ಪಳಕ್ಕೆ ಕಾಯಿ ಚೂರು

ಹಲಸಿನಕಾಯಿ ಹಪ್ಪಳ ಒತ್ತುವ ದಿನ ಅರ್ಧ ಹಿಟ್ಟು ಹಪ್ಪಳವಾಗುವ ಮೊದಲೇ ಖಾಲಿಯಾಗುತ್ತದೆ. ಹಿಟ್ಟನ್ನು ಉಂಡೆ ಮಾಡಿ, ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರೊಳಗೆ ತೆಂಗಿನೆಣ್ಣೆ ಸುರಿದು ತಿನ್ನುವುದು ಕರಾವಳಿ, ಮಲೆನಾಡಿನ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ರುಚಿ. ಬೇರೆ ಕಡೆಯವರು ಇದನ್ನು ಕೇಳಿದರೆ "ಹಸಿ ಹಿಟ್ಟು ತಿನ್ನುವುದಾ?" ಎನ್ನುತ್ತಾರೆ. ಹಲಸಿನ ಹಪ್ಪಳದ ಹಿಟ್ಟು ಹಸಿಯಲ್ಲ. ಸೊಳೆಯನ್ನು, ಎಂದರೆ ಬೀಜದ ಸುತ್ತಲಿನ ತೊಳೆಯನ್ನು, ಹಬೆಯಲ್ಲಿ ಪೂರ್ತಿ ಬೇಯಿಸಿಯೇ ರುಬ್ಬುವುದು, ಒಣಗಿಲ್ಲ ಅಷ್ಟೇ. ಉದ್ದಿನ ಹಪ್ಪಳದ ಹಿಟ್ಟಿಗೂ ಹೀಗೆ ಎಣ್ಣೆ ಹಾಕಿ ತಿನ್ನುವವರಿದ್ದಾರೆ. ಅದು ನಿಜಕ್ಕೂ ಬೇಯದ ಹಿಟ್ಟು, ಹೊಟ್ಟೆಗೆ ಭಾರ, ಮಕ್ಕಳಿಗೆ ನಾನು ಕೊಡುವುದಿಲ್ಲ.

ಹಲಸಿನ ತಿಂಡಿಗಳೆಲ್ಲ ನಿಂತಿರುವುದು ಉಪ್ಪು ಮತ್ತು ನೀರಿನ ಲೆಕ್ಕದ ಮೇಲೆ. ಅದಕ್ಕೂ ಮೊದಲು ಕಾಯಿಯ ಆಯ್ಕೆ. ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಮುಳ್ಳುಗಳ ನಡುವೆ ಅಂತರ ಬಂದು ಮೊನೆ ಮೊಂಡಾಗಿರಬೇಕು, ತಟ್ಟಿದರೆ ಪೊಳ್ಳು ಸದ್ದು ಬರಬೇಕು, ಪರಿಮಳ ಮಾತ್ರ ಇರಬಾರದು. ಸೊಳೆ ಮುರಿದರೆ ಟಪ್ ಎಂದು ತುಂಡಾಗಬೇಕು. ಬಗ್ಗಿದರೆ ಹಣ್ಣಾಗಲು ಶುರುವಾಗಿದೆ ಎಂದೇ ಅರ್ಥ. ಅಂಥ ಕಾಯಿಯಲ್ಲಿ ಸಕ್ಕರೆ ಹುಟ್ಟಿರುತ್ತದೆ. ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಗಾಗಿ ಕಪ್ಪಾಗುತ್ತದೆ, ಗರಿಗರಿ ಆಗದೆ ಜಿಗುಟಾಗಿ ಉಳಿಯುತ್ತದೆ. ತೀರ ಎಳೆಯದಾದರೆ ಪಿಷ್ಟ ಸಾಲದೆ ಒತ್ತುವಾಗಲೇ ಅಂಚು ಸೀಳುತ್ತದೆ. ಸೊಳೆ ಗಟ್ಟಿಯಿರುವ ಬಕ್ಕೆ ಜಾತಿಯ ಕಾಯಿ ಸಿಕ್ಕರೆ ನಾನು ಬೇರೆ ನೋಡುವುದಿಲ್ಲ. ಸೊಳೆ ಮೆತ್ತಗಿರುವ ತುಳುವ ಜಾತಿಯಲ್ಲಿ ನೀರಿನಂಶ ಹೆಚ್ಚು, ಹಿಟ್ಟು ಸಡಿಲ.

ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಯೇ ಕಾಯಿ ಕೊಯ್ಯಬೇಕು. ಸುರಿಯುವ ಮಯಣವನ್ನು (ಅಂಟು ಹಾಲನ್ನು) ಹಳೆ ಪೇಪರಿನಿಂದ ಒರೆಸುತ್ತಾ ಹೋಗಿ, ನೀರು ತಾಗಿಸಬೇಡಿ. ನೀರು ತಾಗಿದರೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಬೇಳೆ (ಹಲಸಿನ ಬೀಜ), ಬೇಳೆಯ ಸುತ್ತಲಿನ ಪೊರೆ, ಸೊಳೆಗಳ ನಡುವಿನ ನಾರಿನಂಥ ರಚ್ಚೆ ಎಲ್ಲ ಬೇರೆ ಮಾಡಿ. ಹಪ್ಪಳಕ್ಕೆ ಸೊಳೆ ಮಾತ್ರ.

ಸೊಳೆಯನ್ನು ನೀರಿನಲ್ಲಿ ಬೇಯಿಸಬಾರದು. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು 15ರಿಂದ 20 ನಿಮಿಷ. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಮೇಲಿನ ಹನಿ ಸೊಳೆಯ ಮೇಲೆ ಬೀಳುವುದಿಲ್ಲ. ಎರಡು ಬೆರಳಲ್ಲಿ ಒತ್ತಿದಾಗ ಹಿಸುಕಿದಂತಾದರೆ ಸಾಕು. ಬಿಸಿ ಇರುವಾಗಲೇ ರುಬ್ಬಬೇಕು. ಆರಿದರೆ ಪಿಷ್ಟ ಬಿಗಿದುಕೊಂಡು ಗಂಟು ಉಳಿಯುತ್ತದೆ, ಆ ಗಂಟಿನ ಜಾಗದಲ್ಲೇ ಹಪ್ಪಳ ಬಿರಿಯುತ್ತದೆ. ಒರಳು, ಒನಕೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮಿಕ್ಸಿಯಾದರೆ ಜಾರಿನ ಕಾಲು ಭಾಗ ಮಾತ್ರ ತುಂಬಿ, ತಡೆತಡೆದು ತಿರುಗಿಸಿ. ಸುಲಭವಾಗಲೆಂದು ಒಂದು ಚಮಚ ನೀರು ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಆಮೇಲೆ ಹಿಟ್ಟು ಪ್ಲಾಸ್ಟಿಕ್ಕಿನಿಂದ ಏಳುವುದೇ ಇಲ್ಲ.

ಬೆಂದ ಸೊಳೆ 1 ಕೆಜಿಗೆ ನಾನು ಹಾಕುವುದು: ಒಣಮೆಣಸು 8, ಕೊತ್ತಂಬರಿ 1 ದೊಡ್ಡ ಚಮಚ, ಜೀರಿಗೆ 1 ಚಿಕ್ಕ ಚಮಚ, ಕಡಲೆಕಾಳಿನಷ್ಟು ಇಂಗು, ಎಳ್ಳು 1 ದೊಡ್ಡ ಚಮಚ, ಉಪ್ಪು 10ರಿಂದ 12 ಗ್ರಾಂ. ಎಳ್ಳನ್ನು ಕೊನೆಗೆ ಇಡಿಯಾಗಿ ಕಲಸಿ, ಮಿಕ್ಕ ಮಸಾಲೆಯನ್ನು ಒಣಗೇ ಪುಡಿ ಮಾಡಿಕೊಳ್ಳಿ. ಉಪ್ಪಿನ ಈ ಅಳತೆ ಹಿಟ್ಟು ನೆಕ್ಕಿ ನೋಡಿದವರಿಗೆ ಸಪ್ಪೆ ಎನಿಸುತ್ತದೆ, ಎನಿಸಲೇಬೇಕು. 1 ಕೆಜಿ ಹಿಟ್ಟು ಒಣಗಿದ ಮೇಲೆ ಸುಮಾರು 300 ಗ್ರಾಂಗೆ ಇಳಿಯುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಸಿಯಲ್ಲಿ ನಾಲಿಗೆಗೆ ಸರಿ ಎನಿಸಿದ ಉಪ್ಪು ಕರಿದಾಗ ಬಾಯಿಗಿಡಲಾಗದಷ್ಟಾಗುತ್ತದೆ. ಹೀಗಾಗಿ ತಿನ್ನುವ ಹಿಟ್ಟನ್ನು ಬೇರೆ ತೆಗೆದು ಅದಕ್ಕೆ ಮಾತ್ರ ಚಿಟಿಕೆ ಉಪ್ಪು ಸೇರಿಸಿಕೊಳ್ಳುವುದು ಕ್ರಮ.

ತಿನ್ನುವ ಉಂಡೆ ನಿಂಬೆಗಿಂತ ತುಸು ದೊಡ್ಡದು, 50 ಗ್ರಾಂ ಆಸುಪಾಸು. ಅದಕ್ಕೆ ಒಂದು ಚಮಚ ತೆಂಗಿನೆಣ್ಣೆ. ಗಾಣದ ಎಣ್ಣೆಯೇ ಆಗಬೇಕು, ಪರಿಮಳ ತೆಗೆದ ಎಣ್ಣೆಯಲ್ಲಿ ಇದಕ್ಕೆ ಅರ್ಥವಿಲ್ಲ. ಬಿಸಿ ಹಿಟ್ಟಿಗೆ ಹಾಕಿದರೆ ಎಣ್ಣೆ ಒಳಗಿಳಿದು ಮಾಯವಾಗುತ್ತದೆ. ಉಗುರು ಬೆಚ್ಚಗಾದ ಮೇಲೆ ಹಾಕಿದರೆ ಹಿಟ್ಟಿನ ಖಾರ, ಎಣ್ಣೆಯ ಸಿಹಿವಾಸನೆ ಎರಡೂ ಬೇರೆಬೇರೆಯಾಗಿ ಸಿಗುತ್ತವೆ. ತುಪ್ಪ ಹಾಕುವವರೂ ಇದ್ದಾರೆ. ನನಗೆ ತುಪ್ಪದಲ್ಲಿ ಹಲಸಿನ ರುಚಿ ಅಡಗಿಹೋಗುತ್ತದೆ. ಹಿಟ್ಟನ್ನು ಅದೇ ದಿನ ಮುಗಿಸಬೇಕು, ಬೇಸಗೆಯ ಸೆಕೆಗೆ ಮರುದಿನಕ್ಕೆ ಹುಳಿ ಬಂದಿರುತ್ತದೆ.

ಉಳಿದ ಹಿಟ್ಟನ್ನು 24 ಗ್ರಾಂನ ಉಂಡೆ ಮಾಡಿದರೆ ಕೆಜಿಗೆ ಸುಮಾರು ನಲವತ್ತು ಹಪ್ಪಳ. ಹಾಲಿನ ಪ್ಯಾಕೆಟ್ ಸೀಳಿ ತೊಳೆದು ಎಣ್ಣೆ ಸವರಿ, ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಅಡ್ಡಳತೆ 11 ಸೆಂಟಿಮೀಟರ್, ದಪ್ಪ ಎರಡೂವರೆ ಮಿಲಿಮೀಟರ್. ಅಂಚು ತೆಳ್ಳಗಾಗಿ ನಡು ದಪ್ಪ ಉಳಿದರೆ ಕರಿಯುವಾಗ ಅಂಚು ಸೀಯುತ್ತದೆ, ನಡು ಬೇಯುವುದಿಲ್ಲ. ಚಾಪೆಯ ಮೇಲೆ ಹಾಕಿ ಮೂರು ನಾಲ್ಕು ಗಂಟೆಯಲ್ಲಿ ಮೇಲ್ಮೈ ಚರ್ಮದಂತಾದಾಗ ಮಗುಚಿ. ತಡ ಮಾಡಿದರೆ ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಗಟ್ಟಿ ಬಿಸಿಲಿಗೆ ಎರಡು ಮೂರು ದಿನ. ಮುರಿದರೆ ಸದ್ದಾಗಬೇಕು. ಫ್ಲಾಟಿನಲ್ಲಿ ಬಿಸಿಲಿಲ್ಲದವರು ಡ್ರೈಯರಿನಲ್ಲಿ 55ರಿಂದ 60 ಡಿಗ್ರಿಗೆ ಇಡಬಹುದು, ನಡುವೆ ಒಮ್ಮೆ ಮಗುಚಿದರಾಯಿತು. ಮಳೆ ಹಿಡಿಯುವ ಮುನ್ನ ಡಬ್ಬಿಯಿಂದ ತೆಗೆದು ಮತ್ತೊಂದು ಬಿಸಿಲು ತೋರಿಸಿದರೆ ಬೂಸರು ಬರುವುದಿಲ್ಲ.

ಇನ್ನು ಕಾಯಿ ಚೂರು. ಕರಿದ ಹಪ್ಪಳದ ಜೊತೆ ಹಸಿ ತೆಂಗಿನಕಾಯಿ ಕಚ್ಚಿಕೊಳ್ಳುವುದು ಜೊತೆಯಿಲ್ಲದ ಜೊತೆಯಂತೆ ಕಾಣುತ್ತದೆ, ಆದರೆ ಇದಕ್ಕಿಂತ ಸರಿಹೊಂದುವ ಜೋಡಿ ನನಗೆ ಗೊತ್ತಿಲ್ಲ. ಹಪ್ಪಳದಲ್ಲಿ ಇಲ್ಲದ ನೀರು, ಸಿಹಿ ಕಾಯಿಯಲ್ಲಿದೆ, ಜೊತೆಗೆ ಜಿಡ್ಡೂ ಇದೆ. ಮೆಣಸಿನ ಖಾರ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಕಾಯಿ ಜಗಿದರೆ ಖಾರ ಇಳಿಯುತ್ತದೆ, ನೀರು ಕುಡಿದರೆ ಇಳಿಯುವುದಿಲ್ಲ. ಕಾಯಿ ಬಲಿತಿರಬೇಕು, ಒಳಗೆ ಇನ್ನೂ ನೀರಿರಬೇಕು. ಎಳೆಯದರಲ್ಲಿ ಜಿಡ್ಡಿಲ್ಲ, ಕೊಬ್ಬರಿಯಾದರೆ ಒಣದಕ್ಕೆ ಒಣದು ಸೇರಿದಂತೆ. ಬೆರಳುದ್ದದ ಚೂರು ಮಾಡಿ, ಒಂದು ಹಪ್ಪಳಕ್ಕೆ ಮೂರು ನಾಲ್ಕು. ತುರಿದು ಮೇಲೆ ಉದುರಿಸುವುದು ಬೇಡ, ನಿಮಿಷದಲ್ಲಿ ಹಪ್ಪಳ ಮೆತ್ತಗಾಗುತ್ತದೆ. ಇದನ್ನು ಒಮ್ಮೆ, ಅದನ್ನು ಒಮ್ಮೆ ಕಚ್ಚಬೇಕು. ಕರಿಯಲು ತೆಂಗಿನೆಣ್ಣೆ ಚೆನ್ನಾಗಿ ಕಾದಿರಲಿ, ಹಪ್ಪಳದ ಚೂರು ಹಾಕಿದ ಕೂಡಲೇ ಮೇಲೇಳಬೇಕು. ಕೆಂಡದ ಮೇಲೆ ಸುಡುವುದಾದರೆ ಕೈ ನಿಲ್ಲಿಸಬಾರದು. ಉದ್ದಿನ ಹಪ್ಪಳದಷ್ಟು ಸುಲಭವಾಗಿ ಇದನ್ನು ಸುಡಲಾಗುವುದಿಲ್ಲ, ಅಂಚು ಮೊದಲೇ ಕರಕಾಗುತ್ತದೆ.

ಹಪ್ಪಳಕ್ಕೆ ಮಿಕ್ಕ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲದ ಆಟಿ ತಿಂಗಳಿಗೆ ಉಂಡ್ಲಕಾಳು (ಅಕ್ಕಿಯೊಂದಿಗೆ ರುಬ್ಬಿ ಕರಿದ ಪುಟ್ಟ ಉಂಡೆ) ಆಗುತ್ತದೆ. ಉಪ್ಪುಸೊಳೆಗೆ ಅಳತೆ 10 ಕಪ್ ಹಸಿ ಸೊಳೆ ಚೂರಿಗೆ 1 ಕಪ್ ಕಲ್ಲುಪ್ಪು. ಭರಣಿಯಲ್ಲಿ ಪದರ ಪದರವಾಗಿ ಹಾಕಿ ಮೇಲೆ ಭಾರ ಇಡಬೇಕು, ನೀರು ಸೇರಿಸಬಾರದು, ಸೊಳೆಯೇ ನೀರು ಬಿಡುತ್ತದೆ. ಆ ನೀರಿನಿಂದ ಮೇಲಕ್ಕೆದ್ದ ತುಂಡು ಮೊದಲು ಕೆಡುತ್ತದೆ, ಆಮೇಲೆ ಉಳಿದದ್ದನ್ನು ಕೆಡಿಸುತ್ತದೆ. ಒದ್ದೆ ಕೈ ಹಾಕಲೇಬಾರದು.

ಉಂಡ್ಲಕಾಳಿಗೆ ಹಿಂದಿನ ರಾತ್ರಿ ಸೊಳೆಯನ್ನು ಧಾರಾಳ ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಬೇಕು. ಒಂದು ತುಂಡು ಜಗಿದು ನೋಡಿ, ಪಲ್ಯದ ಉಪ್ಪಿಗಿಂತ ಕಡಿಮೆ ಇರಲಿ. ಸಪ್ಪೆಯಾದರೆ ಹಾಕಿಕೊಳ್ಳಬಹುದು, ಉಪ್ಪಾದರೆ ರುಬ್ಬಿದ ಮೇಲೆ ದಾರಿಯಿಲ್ಲ. ಗಟ್ಟಿಯಾಗಿ ಹಿಂಡಿದ ಸೊಳೆ 2 ಕಪ್, ನಾಲ್ಕು ಗಂಟೆ ನೆನೆದು ನೀರು ಬಸಿದ ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ) 2 ಕಪ್, ಕಾಯಿತುರಿ ಅರ್ಧ ಕಪ್, ಜೀರಿಗೆ 1 ಚಮಚ. ಮೊದಲು ಸೊಳೆ, ಕಾಯಿ, ಆಮೇಲೆ ಅಕ್ಕಿ ಹಾಕಿ ಸಾಧ್ಯವಾದಷ್ಟು ಗಟ್ಟಿಯಾಗಿ, ನುಣ್ಣಗೆ ರುಬ್ಬಿ. ಸಡಿಲವಾದರೆ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಇಡಿ, ಇಲ್ಲವೇ ಎರಡು ಚಮಚ ಹುರಿದ ಅಕ್ಕಿಹಿಟ್ಟು ಸೇರಿಸಿ. ಉಂಡೆ ಒಂದೂವರೆ ಸೆಂಟಿಮೀಟರ್ ಮೀರಬಾರದು.

ಇಲ್ಲಿ ಒಂದು ನಿಜವಾದ ಅಪಾಯ ಇದೆ, ಉಂಡ್ಲಕಾಳು ಎಣ್ಣೆಯಲ್ಲಿ ಸಿಡಿಯುತ್ತದೆ. ಎಣ್ಣೆ ಅತಿ ಕಾದಿದ್ದರೆ ಹೊರಗಿನ ಪದರ ಮೊದಲೇ ಗಟ್ಟಿಯಾಗಿ ಒಳಗಿನ ಹಬೆ ಸಿಕ್ಕಿಬೀಳುತ್ತದೆ. ಉಂಡೆ ದೊಡ್ಡದಾದರೂ ಹೀಗೆಯೇ. ಮಧ್ಯಮ ಉರಿ, ಸ್ವಲ್ಪ ಸ್ವಲ್ಪವೇ ಹಾಕುವುದು, ಮೇಲೆ ಜಾಲರಿ ಮುಚ್ಚಳ, ಮುಖ ದೂರ. ಹತ್ತು ಹನ್ನೆರಡು ನಿಮಿಷಕ್ಕೆ ಎಣ್ಣೆಯ ಸದ್ದು ಅಡಗುತ್ತದೆ, ಆಗ ತೆಗೆಯಿರಿ. ಬಣ್ಣ ನೋಡಿ ಮೊದಲೇ ತೆಗೆದರೆ ಆರಿದಾಗ ಮೆತ್ತಗಾಗುತ್ತದೆ. ಬೆಲ್ಲದ ಕಾಫಿಯ ಜೊತೆ ಇದರ ಉಪ್ಪು ಹುಳಿ ಬಹಳ ಚೆನ್ನಾಗಿ ಹೋಗುತ್ತದೆ.

ಬೇಳೆಯಿಂದ ಸಾಂತಾಣಿ, ಎಂದರೆ ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ. 1 ಕೆಜಿ ಬೇಳೆಯನ್ನು ಬಿಳಿ ಸಿಪ್ಪೆ ತೆಗೆಯದೆ, ಒಂದೂವರೆ ಲೀಟರ್ ನೀರಿಗೆ 70 ಗ್ರಾಂ ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ ಬಸಿದು ಒಣಗಿಸಬೇಕು. ಸಿಪ್ಪೆಯೊಳಗೆ ಬೇಳೆ ಗಲಗಲ ಎನ್ನುವವರೆಗೆ ಬಿಸಿಲು ಬೇಕು, ಐದಾರು ದಿನ. ಇದನ್ನು ಕಡಿಯಲು ಹೋಗಬಾರದು. ಸಿಪ್ಪೆ ಬಿಡಿಸಿ ಬಾಯಲ್ಲಿಟ್ಟು ಚೀಪುತ್ತಾ ಇದ್ದರೆ ಉಪ್ಪು ಮೊದಲು ಬರುತ್ತದೆ, ಬೇಳೆ ಮೆಲ್ಲಗೆ ಮೆತ್ತಗಾಗಿ ಕೊನೆಗೆ ಸಿಹಿ ಬಿಡುತ್ತದೆ. ಹಲ್ಲು ಗಟ್ಟಿ ಇಲ್ಲದವರು ರಾತ್ರಿ ನೀರಿನಲ್ಲಿ ಹಾಕಿಟ್ಟು ಬೆಳಗ್ಗೆ ತಿನ್ನಬಹುದು.