ಕಾಲೆತ್ತುವ ಗಂಡು ನಾಯಿಗೆ ಪ್ಯಾಡ್ ಅಭ್ಯಾಸ ಮಾಡಿಸಿದ್ದು

ಗಂಡು ನಾಯಿಗೆ ಮನೆಯೊಳಗೆ ಪ್ಯಾಡ್ ಮೇಲೆ, ಅಂದರೆ ಮೂತ್ರ ಹೀರಿಕೊಳ್ಳುವ ಹಾಸಿನ ಮೇಲೆ, ಸುಸು ಮಾಡುವುದನ್ನು ಎರಡು ಸಲ ಕಲಿಸಬೇಕಾಗುತ್ತದೆ. ಒಮ್ಮೆ ಅದು ಮರಿಯಾಗಿದ್ದಾಗ, ಇನ್ನೊಮ್ಮೆ ಅದು ಕಾಲೆತ್ತಲು ಶುರು ಮಾಡಿದಾಗ. ಮೊದಲನೆಯದರ ಬಗ್ಗೆ ಎಲ್ಲರೂ ಹೇಳಿಕೊಡುತ್ತಾರೆ. ಎರಡನೆಯದರ ಹೊತ್ತಿಗೆ ಎಷ್ಟೋ ಮನೆಯವರು ಕೈಚೆಲ್ಲಿ ಕೂರುತ್ತಾರೆ. ಸೋಫಾ ಕಾಲು, ಬಾಗಿಲ ಚೌಕಟ್ಟು, ಪರದೆ ಎಲ್ಲಾ ನೆನೆಯತೊಡಗಿದ ಮೇಲೆ ನಾಯಿ ಬಾಲ್ಕನಿ ಸೇರುತ್ತದೆ, ಇಲ್ಲವೇ ಬೇರೆ ಮನೆ ಸೇರುತ್ತದೆ. ಅಂಥ ನಾಯಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಇದು ಬಗೆಹರಿಯದ ತೊಂದರೆಯೇನಲ್ಲ. ನಮ್ಮ ಗುಂಡನ ವಿಷಯದಲ್ಲಿ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತೇನೆ.

ಗುಂಡ ಶಿಟ್ಜು ತಳಿಯವನು. ಈ ತಳಿಯ ನಾಯಿ ಪೂರ್ತಿ ಬೆಳೆದರೂ ನಾಲ್ಕರಿಂದ ಏಳು ಕಿಲೋ ಅಷ್ಟೇ. ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೇಲಿನ ಮಹಡಿಯಲ್ಲಿ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುತ್ತೇವೆ, ಹಗಲು ಮನೆಯಲ್ಲಿರುವುದು ಅಮ್ಮ. ಅವಳಿಗೆ ಮಂಡಿನೋವು. ನಾಯಿ ಹಿಡಿದುಕೊಂಡು ದಿನಕ್ಕೆ ನಾಲ್ಕೈದು ಸಲ ಲಿಫ್ಟ್‌ನಲ್ಲಿ ಇಳಿದು ಹತ್ತುವುದು ಆಗದ ಮಾತು. ಜೊತೆಗೆ ಮರಿಯ ಲಸಿಕೆಗಳೆಲ್ಲ ಮುಗಿಯುವುದಕ್ಕೆ ಸುಮಾರು ನಾಲ್ಕು ತಿಂಗಳ ವಯಸ್ಸಾಗುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ಬೀದಿಯ ನೆಲಕ್ಕೆ ಮರಿಯನ್ನು ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳಿಗೆ ಅದು ಪ್ರಾಣಾಂತಿಕ. ಹಾಗಾಗಿ ಪ್ಯಾಡ್ ನಮಗೆ ಅನಿವಾರ್ಯವಾಗಿತ್ತು.

ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ದೇವರ ದೀಪ ಹಚ್ಚೋ ಮನೆ ಕಣೋ, ಒಳಗೇ ಮಾಡಿಸ್ತೀಯಾ?" ಅಂದಳು. "ಹಾಗಾದ್ರೆ ಜಾಗ ನೀನೇ ತೋರ್ಸಮ್ಮ, ಅಲ್ಲಿ ಬಿಟ್ಟು ಬೇರೆಲ್ಲೂ ಮಾಡದ ಹಾಗೆ ಕಲಿಸ್ತೀನಿ" ಅಂದೆ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕದ ಮೂಲೆಯನ್ನು ಅವಳೇ ತೋರಿಸಿದಳು. ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಮನೆಯಲ್ಲಿರಲಿಲ್ಲ. ಹತ್ತಿರದಲ್ಲೇ ನಲ್ಲಿ, ನೀರು ಹೋಗಲು ಜಾಲರಿ, ಗಾಳಿ ಬೆಳಕು, ಎರಡು ಕಡೆ ಗೋಡೆ. ಗುಂಡ ಉಣ್ಣುವ ಜಾಗ, ಮಲಗುವ ಜಾಗ ಎರಡೂ ಅಲ್ಲಿಂದ ದೂರ. ನಾಯಿಗಳು ತಾವು ಮಲಗುವಲ್ಲಿ ಗಲೀಜು ಮಾಡಿಕೊಳ್ಳಲು ಇಷ್ಟಪಡುವುದಿಲ್ಲ. ಈ ಕಲಿಕೆ ಪೂರ್ತಿ ನಿಂತಿರುವುದೇ ಆ ಸ್ವಭಾವದ ಮೇಲೆ.

ಮರಿಯಾಗಿದ್ದಾಗಿನ ಭಾಗವನ್ನು ಬೇಗ ಮುಗಿಸುತ್ತೇನೆ. ಯುಟಿಲಿಟಿಯಲ್ಲೇ ಒಂದು ಚಿಕ್ಕ ಕಟಕಟೆ ಕಟ್ಟಿ, ಒಂದು ತುದಿಗೆ ಹಾಸಿಗೆ ಹಾಕಿ, ಉಳಿದ ನೆಲಕ್ಕೆಲ್ಲ ಪ್ಯಾಡ್ ಹಾಸಿದೆ. ಎಲ್ಲಿ ಮಾಡಿದರೂ ಪ್ಯಾಡ್ ಮೇಲೆಯೇ ಆಗಬೇಕು. ಅವನು ಹೆಚ್ಚಾಗಿ ಬಳಸುವ ಮೂಲೆ ಯಾವುದೆಂದು ಗೊತ್ತಾದ ಮೇಲೆ ಹಾಸಿಗೆಯ ಕಡೆಯಿಂದ ಒಂದೊಂದಾಗಿ ಪ್ಯಾಡ್ ತೆಗೆಯುತ್ತ ಬಂದು, ಕೊನೆಗೆ ಒಂದನ್ನು ಉಳಿಸಿದೆ. ಮರಿ ಎಷ್ಟು ತಿಂಗಳಿನದೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ನಾಯಿ ಸಾಕುವವರ ಅಂದಾಜು ಲೆಕ್ಕ. ಅದು ಗರಿಷ್ಠ ಮಿತಿ. ಎಚ್ಚರವಾಗಿ ಆಡುತ್ತಿದ್ದಾಗ ಅಷ್ಟು ಹೊತ್ತು ಯಾವ ಮರಿಯೂ ತಡೆಯುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಕಾಲು ಗಂಟೆ ಅರ್ಧ ಗಂಟೆಯೊಳಗೆ, ಆಟ ನಿಲ್ಲಿಸಿದಾಗ, ರಾತ್ರಿ ಮಲಗುವ ಮುಂಚೆ: ಇಷ್ಟು ಹೊತ್ತಿನಲ್ಲಿ ತಪ್ಪದೆ ಪ್ಯಾಡ್ ಬಳಿ ಕರೆದೊಯ್ಯಬೇಕು. ನೆಲ ಮೂಸುತ್ತ ಒಂದೇ ಕಡೆ ಗಿರಕಿ ಹೊಡೆದರೆ ಹೊತ್ತು ಬಂತೆಂದು ಅರ್ಥ.

ಊಟವನ್ನು ಗಡಿಯಾರ ನೋಡಿ ಹಾಕುತ್ತಿದ್ದೆ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಡುತ್ತಿದ್ದೆ. ಒಳಕ್ಕೆ ಹೋಗುವ ಹೊತ್ತು ಗೊತ್ತಿದ್ದರೆ ಹೊರಕ್ಕೆ ಬರುವ ಹೊತ್ತೂ ಗೊತ್ತಾಗುತ್ತದೆ. ನೀರನ್ನು ಮಾತ್ರ ಕಡಿಮೆ ಮಾಡಲಿಲ್ಲ. ಪ್ಯಾಡ್ ಉಳಿಯಲಿ ಎಂದು ನಾಯಿಯನ್ನು ಬಾಯಾರಿಸುವುದು ತಪ್ಪು, ಅದರಲ್ಲೂ ಈ ತಳಿಗೆ. ಶಿಟ್ಜುಗಳಿಗೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು.

ಪ್ಯಾಡ್ ಮೇಲೆ ಮಾಡುತ್ತಿರುವಾಗಲೇ ಮೆಲ್ಲಗೆ "ಸುಸು ಮಾಡು" ಅನ್ನುತ್ತಿದ್ದೆ, ಮುಗಿದ ಕ್ಷಣದಲ್ಲಿ ಬಾಯಿಗೆ ಒಂದು ಚೂರು ಪನೀರ್. ತಿನಿಸು ಎರಡು ಮೂರು ಸೆಕೆಂಡಿನೊಳಗೆ ಸಿಗಬೇಕು. ಅಡುಗೆಮನೆಗೆ ಹೋಗಿ ಡಬ್ಬ ತೆಗೆದು ತರುವಷ್ಟರಲ್ಲಿ ಅದು ಯಾವುದಕ್ಕೆ ಸಿಕ್ಕ ಬಹುಮಾನ ಎಂಬುದೇ ನಾಯಿಗೆ ತಿಳಿಯುವುದಿಲ್ಲ. ಅದಕ್ಕೇ ವಾಷಿಂಗ್ ಮೆಷಿನ್ ಮೇಲೆ ಒಂದು ಚಿಕ್ಕ ಡಬ್ಬ ಕಾಯಂ ಇಟ್ಟಿದ್ದೆವು. ಪನೀರ್ ಇಲ್ಲದ ದಿನ ಉಪ್ಪಿಲ್ಲದ ಮಂಡಕ್ಕಿ ಸಾಕಾಗುತ್ತಿತ್ತು. ಒಣದ್ರಾಕ್ಷಿಯನ್ನು ಆ ಡಬ್ಬದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಮನೆಗೆ ಬರುವ ಮಕ್ಕಳಿಗೂ ಇದನ್ನು ಹೇಳಿಡಬೇಕು. ಮನೆಯವರೆಲ್ಲ ಒಂದೇ ಮಾತು ಬಳಸಬೇಕೆಂಬ ಕರಾರಿಗೆ ಅಮ್ಮನೂ ಒಪ್ಪಿದಳು. ಕೊನೆಗೆ ಅವನು ಹೆಚ್ಚು ಕೇಳಿದ್ದು ಅವಳ ಮಾತನ್ನೇ.

ಮನೆಯಲ್ಲಿದ್ದ ಕಾಲೊರಸುಗಳನ್ನೆಲ್ಲ ಆ ತಿಂಗಳುಗಳಲ್ಲಿ ಅಟ್ಟಕ್ಕೆ ಹಾಕಿದೆವು. ಮರಿ ಪ್ಯಾಡನ್ನು ಕಣ್ಣಿನಿಂದ ಗುರುತಿಸುವುದಕ್ಕಿಂತ ಹೆಚ್ಚಾಗಿ ಪಾದದಿಂದ ಗುರುತಿಸುತ್ತದೆ. ಮೆತ್ತಗೆ, ನೀರು ಹೀರುವಂತೆ ಇದ್ದರೆ ಅದೇ ತನ್ನ ಜಾಗ ಅಂದುಕೊಳ್ಳುತ್ತದೆ. ಬಚ್ಚಲ ಬಾಗಿಲಲ್ಲಿ ಹತ್ತಿಯ ಕಾಲೊರಸು ಬಿದ್ದಿದ್ದರೆ ಅದರ ಮೇಲೆ ಮಾಡಿದ ಮರಿಯದು ಏನೂ ತಪ್ಪಿಲ್ಲ.

ಅಲ್ಲಲ್ಲಿ ಮಾಡಿದಾಗ ಗದರಲಿಲ್ಲ. ಮೂಗನ್ನು ಅದಕ್ಕೆ ತಿಕ್ಕುವುದು, ಪೇಪರ್ ಸುತ್ತಿ ಹೊಡೆಯುವುದು ಈಗಲೂ ಕೆಲವರ ಮನೆಯಲ್ಲಿದೆ. ಅದರಿಂದ ನಾಯಿ ಕಲಿಯುವುದು ಒಂದೇ: ಮನುಷ್ಯರೆದುರು ಮಾಡಬಾರದು ಎಂದು. ಆಮೇಲೆ ಅದು ಮಂಚದಡಿ, ಪರದೆಯ ಹಿಂದೆ ಹೋಗಿ ಮಾಡುತ್ತದೆ. ನಾವು ನೋಡುತ್ತಿದ್ದರೆ ಪ್ಯಾಡ್ ಮೇಲೂ ಮಾಡುವುದಿಲ್ಲ, ನಾವು ನೋಡದೆ ಬಹುಮಾನ ಕೊಡುವಂತಿಲ್ಲ. ಕಲಿಕೆ ಅಲ್ಲಿಗೇ ನಿಂತುಹೋಗುತ್ತದೆ.

ಒರೆಸುವ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಏನಾದರೂ ಆದರೆ ಫಿನಾಯಿಲ್ ಸುರಿಯುವುದು ವಾಡಿಕೆ. ನಮ್ಮ ಮೂಗಿಗೆ ವಾಸನೆ ಮುಚ್ಚಿಹೋದರೂ ನಾಯಿಯ ಮೂಗಿಗೆ ಅಡಿಯಲ್ಲಿರುವುದು ಹಾಗೇ ತಿಳಿಯುತ್ತದೆ, ಮರುದಿನ ಅಲ್ಲಿಗೇ ಬಂದು ನಿಲ್ಲುತ್ತದೆ. ಕಪ್ಪು ಫಿನಾಯಿಲ್ಲಿನ ಫೀನಾಲ್ ಅಂಶ ಪಾದದ ಚರ್ಮಕ್ಕೂ ಕೆಟ್ಟದ್ದು, ಪಾದ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ. ಅಮೋನಿಯಾ ಇರುವ ದ್ರಾವಣಗಳಂತೂ ಮೂತ್ರದ ವಾಸನೆಯನ್ನೇ ಹೋಲುತ್ತವೆ. ಬ್ಲೀಚಿಂಗ್ ದ್ರಾವಣವನ್ನು ಮೂತ್ರದ ಮೇಲೆ ಹಾಕಿದರೆ ಕಣ್ಣು ಗಂಟಲು ಉರಿಸುವ ಅನಿಲ ಏಳುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ, ಅಂದರೆ ಎಂಜೈಮ್ ಕ್ಲೀನರ್, ಒಂದೇ ನಾನು ನಂಬಿದ್ದು. ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ನೀರಲ್ಲಿ ಒರೆಸಿ, ಆಮೇಲೆ ಕಿಣ್ವದ ದ್ರಾವಣ ಸಿಂಪಡಿಸಿ ಹತ್ತು ಹದಿನೈದು ನಿಮಿಷ ಹಸಿಯಾಗಿಯೇ ಬಿಡಬೇಕು. ಕಿಣ್ವಕ್ಕೆ ಕೆಲಸ ಮಾಡಲು ಹೊತ್ತು ಬೇಕು, ಸಿಂಪಡಿಸಿದ ಕೂಡಲೇ ಒರೆಸಿದರೆ ಪ್ರಯೋಜನವಿಲ್ಲ. ಕೆಲವರು ವಿನಿಗರ್ ನೀರು ಬಳಸುತ್ತಾರೆ. ವಿಟ್ರಿಫೈಡ್ ಟೈಲ್ಸಿಗೆ ಅದು ಪರವಾಗಿಲ್ಲ, ಆದರೆ ಮಾರ್ಬಲ್, ಶಹಾಬಾದ್ ಕಲ್ಲು, ಕಡಪ ಕಲ್ಲುಗಳ ನೆಲಕ್ಕೆ ಹಾಕಬೇಡಿ. ಅವೆಲ್ಲ ಸುಣ್ಣದ ಅಂಶದ ಕಲ್ಲುಗಳು, ಹುಳಿ ತಾಗಿದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ.

ಗುಂಡ ಪ್ಯಾಡಿಗೆ ಚೆನ್ನಾಗಿ ಹೊಂದಿಕೊಂಡಿದ್ದ. ಅಷ್ಟರಲ್ಲಿ ಅವನಿಗೆ ಹರೆಯ ಬಂತು.

ಗಂಡು ಮರಿಗಳು ಮೊದಲು ಹೆಣ್ಣಿನಂತೆಯೇ ಕುಕ್ಕರಿಸಿ, ಇಲ್ಲವೇ ಮುಂದಕ್ಕೆ ಬಾಗಿ ಮಾಡುತ್ತವೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಹೆಚ್ಚಿನವು ಕಾಲೆತ್ತಲು ಕಲಿಯುತ್ತವೆ. ಆಗ ಎರಡು ಬೇರೆ ಬೇರೆ ಸಂಗತಿ ಒಟ್ಟಿಗೆ ಶುರುವಾಗುತ್ತವೆ, ಎರಡನ್ನೂ ಒಂದೇ ಎಂದು ತಿಳಿದರೆ ದಾರಿ ಸಿಗುವುದಿಲ್ಲ. ಒಂದು, ನಿಜವಾದ ಸುಸು. ಮೂತ್ರಕೋಶ ತುಂಬಿದೆ, ಪ್ಯಾಡಿಗೇ ಬರುತ್ತಾನೆ, ನಿಲ್ಲುವುದೂ ಪ್ಯಾಡಿನ ಮೇಲೇ, ಆದರೆ ಕಾಲೆತ್ತಿದ್ದರಿಂದ ಧಾರೆ ಪ್ಯಾಡು ದಾಟಿ ಗೋಡೆಗೆ ಬೀಳುತ್ತದೆ. ಅವನ ಲೆಕ್ಕದಲ್ಲಿ ಅವನು ಸರಿಯಾದ ಜಾಗದಲ್ಲೇ ಮಾಡಿದ್ದಾನೆ, ಬಹುಮಾನ ಕೇಳಲು ತಲೆ ಎತ್ತಿ ನೋಡುತ್ತಾನೆ. ಕೊಡಲೇಬೇಕು. ಇನ್ನೊಂದು, ಇದು ತನ್ನ ಜಾಗ ಎಂದು ವಾಸನೆಯಿಂದ ಗುರುತು ಹಾಕುವುದು. ಇದರಲ್ಲಿ ನಾಲ್ಕೇ ಹನಿ, ಅದೂ ನೆಟ್ಟಗೆ ನಿಂತ ವಸ್ತುವಿಗೆ, ಹೊಸ ವಾಸನೆ ಇರುವಲ್ಲಿ.

ಮೊದಲನೆಯದಕ್ಕೆ ಮದ್ದು ಸುಲಭ: ನಾಯಿ ಕಾಲೆತ್ತಿತೆಂದರೆ ಪ್ಯಾಡೂ ಎದ್ದು ನಿಲ್ಲಬೇಕು. ಅಂಚಿರುವ ಅಗಲವಾದ ಪ್ಲಾಸ್ಟಿಕ್ ಟ್ರೇ ತಂದು ಅದರಲ್ಲಿ ಅರವತ್ತಕ್ಕೆ ತೊಂಬತ್ತು ಸೆಂಟಿಮೀಟರಿನ ದೊಡ್ಡ ಪ್ಯಾಡ್ ಹಾಸಿದೆ. ಮೂಲೆಯ ಎರಡೂ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಮೇಲೆ ಒಂದಡಿಗಿಂತ ಸ್ವಲ್ಪ ಎತ್ತರದವರೆಗೆ ಪ್ಯಾಡ್ ಹಚ್ಚಿದೆ. ಇಷ್ಟು ಚಿಕ್ಕ ನಾಯಿಯ ಧಾರೆ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಗೋಡೆಯ ಪ್ಯಾಡಿನ ಕೆಳ ಅಂಚು ಟ್ರೇಯ ಒಳಕ್ಕೆ ಬರಬೇಕು, ಹೊರಗಿದ್ದರೆ ಇಳಿದದ್ದೆಲ್ಲ ಟ್ರೇ ಹಿಂದೆ ಸೇರಿ ನಾರುತ್ತದೆ. ಟ್ರೇಯ ನಡುವೆ ಎರಡು ಲೀಟರ್ ಬಾಟಲಿಗೆ ಬಾಯಿತನಕ ನೀರು ತುಂಬಿ, ಪ್ಯಾಡ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದೆ. ಆ ಬಾಟಲಿ ಅವನಿಗೆ ಬೀದಿಯ ಲೈಟು ಕಂಬವಿದ್ದ ಹಾಗೆ. ಮೊದಲು ಸುತ್ತುವ ಪ್ಯಾಡಿಗೆ ಅವನದೇ ಹಳೆಯ ಪ್ಯಾಡಿನ ಒಂದು ಹಸಿ ತುಂಡನ್ನು ಒತ್ತಿದ್ದೆ, ವಾಸನೆಯೇ ಅವನನ್ನು ಕರೆಯಿತು. ಬಾಟಲಿ ಭಾರವಾಗಿರುವುದು ಮುಖ್ಯ. ಕಾಲೆತ್ತಿದಾಗ ಅದು ಉರುಳಿಬಿದ್ದರೆ ಹೆದರಿದ ನಾಯಿ ಆ ಮೂಲೆಗೆ ಮತ್ತೆ ಬರಲು ಒಪ್ಪುವುದಿಲ್ಲ.

ಗುರುತು ಹಾಕುವುದಕ್ಕೆ ತಾಳ್ಮೆ ಬೇಕು. ಗ್ಯಾಸ್ ಸಿಲಿಂಡರ್ ಬದಲಾದ ದಿನವೆಲ್ಲ ಗುಂಡ ನೇರ ಅದರ ಬಳಿ ಹೋಗುತ್ತಿದ್ದ. ಎಷ್ಟೋ ಮನೆ, ಎಷ್ಟೋ ಕೈ, ಲಾರಿ, ಗೋದಾಮು ಸುತ್ತಿ ಬಂದ ಸಿಲಿಂಡರಿನಲ್ಲಿ ಇಲ್ಲದ ವಾಸನೆಯಿಲ್ಲ. ಕೊರಿಯರ್ ಡಬ್ಬ, ನೆಂಟರ ಬ್ಯಾಗು, ಅಕ್ಕಿ ಮೂಟೆ ಎಲ್ಲವೂ ಹಾಗೆಯೇ. ವರಮಹಾಲಕ್ಷ್ಮಿ ಹಬ್ಬಕ್ಕೆ ತಂದ ಬಾಳೆಕಂದು ನೋಡಿ ಅಮ್ಮ ಮೊದಲೇ ಎಚ್ಚರಿಸಿದಳು: "ಅವನನ್ನ ಹಿಡ್ಕೊಳೋ, ಅದರ ಮೇಲೆ ಬಿಟ್ಟಾನು." ಇದಕ್ಕೆ ನಾವು ಮಾಡಿದ ಏರ್ಪಾಡು ಏನೆಂದರೆ, ಹೊರಗಿನಿಂದ ಏನೇ ಬರಲಿ, ಮೊದಲು ಅವನಿಗೆ ಬೆಲ್ಟ್ ಹಾಕುವುದು. ಬೆಲ್ಟ್ ಹಿಡಿದುಕೊಂಡೇ ವಸ್ತುವನ್ನು ಮೂಸಲು ಬಿಡುವುದು, ಮೂಸಿದ ಮೇಲೆ ಕಾಲೆತ್ತುವ ಮೊದಲೇ ಯುಟಿಲಿಟಿಗೆ ಕರೆದೊಯ್ದು "ಸುಸು ಮಾಡು" ಅನ್ನುವುದು. ಕುತೂಹಲ ತೀರಬೇಕು, ಹನಿಗಳು ಬಾಟಲಿಗೆ ಬೀಳಬೇಕು. ಮೂಸಲು ಬಿಡದೆ ಎಳೆದೊಯ್ದರೆ ಕೆಲಸ ಆಗುವುದಿಲ್ಲ, ಕಣ್ತಪ್ಪಿದಾಗ ಮತ್ತೆ ಅಲ್ಲಿಗೇ ಬರುತ್ತಾನೆ.

ಮೂತ್ರ ಹೀರಿಕೊಳ್ಳಲೆಂದು ಹೊಟ್ಟೆಗೆ ಕಟ್ಟುವ ಬೆಲ್ಲಿ ಬ್ಯಾಂಡ್ ಸಿಗುತ್ತದೆ. ನೆಂಟರು ಬಂದಾಗ, ಬೇರೆಯವರ ಮನೆಗೆ ಹೋದಾಗ ಒಂದೆರಡು ಗಂಟೆ ಕಟ್ಟಿದ್ದುಂಟು. ಅದು ಸೋಫಾ ಕಾಪಾಡುತ್ತದೆ, ನಾಯಿಗೆ ಏನನ್ನೂ ಕಲಿಸುವುದಿಲ್ಲ. ದಿನವಿಡೀ ಕಟ್ಟಿದರೆ ಚರ್ಮ ತೇವದಲ್ಲೇ ಇದ್ದು ಕೆಂಪಗೆ ಬೊಬ್ಬೆ ಏಳುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಡಾಕ್ಟರ ಸಲಹೆಯಂತೆ ಮಾಡಿಸಿದೆವು. ಬಹಳಷ್ಟು ಗಂಡು ನಾಯಿಗಳಲ್ಲಿ ಅದರಿಂದ ಗುರುತು ಹಾಕುವುದು ಕಡಿಮೆಯಾಗುತ್ತದೆ, ಎಲ್ಲವುಗಳಲ್ಲಿ ಅಲ್ಲ. ಅಷ್ಟರಲ್ಲಿ ರೂಢಿಯಾಗಿಹೋಗಿದ್ದರೆ ಆಮೇಲೂ ಉಳಿಯಬಹುದು. ಆದ್ದರಿಂದ ಆಪರೇಷನ್ ಆದರೂ ಕಲಿಸುವುದನ್ನು ನಿಲ್ಲಿಸಬಾರದು.

ಇನ್ನು ಕೂದಲು. ಉದ್ದ ಕೂದಲಿನ ಗಂಡು ನಾಯಿ ಸುಸು ಮಾಡುವಾಗ ಹೊಟ್ಟೆಯ ಅಡಿಯ ಕೂದಲು ನೆನೆಯುತ್ತದೆ, ಆ ಒದ್ದೆಯನ್ನೇ ಹೊತ್ತು ಸೋಫಾ ಹತ್ತುತ್ತದೆ. ಮನೆ ನಾರುತ್ತಿದೆ ಎಂದು ಪ್ಯಾಡನ್ನು ಬೈಯುವ ಎಷ್ಟೋ ಕಡೆ ನಾರುತ್ತಿರುವುದು ಈ ಕೂದಲು. ಅಲ್ಲಿಯ ಕೂದಲನ್ನು ಚಿಕ್ಕದಾಗಿ ಕತ್ತರಿಸಿಡಬೇಕು, ಪೂರ್ತಿ ಬೋಳಿಸಬಾರದು. ರಾತ್ರಿ ಒಮ್ಮೆ ಬಿಸಿನೀರಿನ ಬಟ್ಟೆಯಿಂದ ಒರೆಸಿದರೆ ಸಾಕು.

ಕಲಿತ ನಾಯಿ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲೆಂದರಲ್ಲಿ ಮಾಡತೊಡಗಿದರೆ, ಮತ್ತೆ ಮತ್ತೆ ಕೂತು ಎರಡೇ ಹನಿ ಹಾಕಿದರೆ, ಬಿಳಿ ಪ್ಯಾಡಿನ ಮೇಲೆ ಕೆಂಪು ಛಾಯೆ ಕಂಡರೆ ಅದನ್ನು ಹಟ ಎಂದು ತಿಳಿಯಬೇಡಿ, ಡಾಕ್ಟರ ಬಳಿ ಹೋಗಿ. ತಿಣುಕಿದರೂ ಏನೂ ಬರದಿದ್ದರೆ ಬೆಳಗಾಗಲಿ ಎಂದು ಕಾಯಲೇಬೇಡಿ. ಗಂಡು ನಾಯಿಯ ಶಿಶ್ನದಲ್ಲಿ ಒಂದು ಮೂಳೆಯಿದೆ, ಮೂತ್ರನಾಳ ಅದರ ತೋಡಿನಲ್ಲಿ ಹಾದುಹೋಗುವುದರಿಂದ ಅಲ್ಲಿ ಅಗಲವಾಗಲು ಎಡೆಯಿಲ್ಲ. ಜಾರಿ ಬಂದ ಕಲ್ಲು ಆ ಮೂಳೆಯ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಮೂತ್ರ ಕಟ್ಟಿದ ನಾಯಿಗೆ ಒಂದೊಂದು ಗಂಟೆಯೂ ಮುಖ್ಯ. ನನ್ನ ಮಟ್ಟಿಗೆ ಪ್ಯಾಡಿನ ದೊಡ್ಡ ಉಪಕಾರ ಇದೇ: ದಿನದ ಮೂತ್ರ ಎಷ್ಟು, ಯಾವ ಬಣ್ಣ ಎಂಬುದು ಕಣ್ಣೆದುರಿಗೇ ಇರುತ್ತದೆ.

ಪ್ಯಾಡನ್ನು ಹರಿದು ಅಗಿಯುವ ಮರಿಗಳಿಗೆ ಜಾಲರಿ ಮುಚ್ಚಿದ ಟ್ರೇ ಒಳ್ಳೆಯದು. ಒಳಗಿನ ಹರಳಿನಂಥ ಪುಡಿ ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ ಹಾಳೆಯ ಜೊತೆ ಅದು ಹೊಟ್ಟೆಗೆ ಹೋಗಬಾರದು. ಬಳಸಿದ ಪ್ಯಾಡನ್ನು ಒಣಕಸದ ಚೀಲಕ್ಕೂ ಹಸಿಕಸದ ಹಸಿರು ಬುಟ್ಟಿಗೂ ಹಾಕುವಂತಿಲ್ಲ. ನಾವು ಡೈಪರಿನ ಹಾಗೆ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕೆಂಪು ಬುಟ್ಟಿಗೆ ಹಾಕುತ್ತೇವೆ. ಕಸ ಬೇರ್ಪಡಿಸುವವರ ಬರಿಗೈಗೆ ಅದು ಸಿಗಬಾರದು. ಈಚೆಗೆ ಒಗೆಯುವ ಬಟ್ಟೆ ಪ್ಯಾಡುಗಳನ್ನೂ ತಂದಿದ್ದೇವೆ. ಹಾಸುವುದಕ್ಕೆ ಅವು, ಗೋಡೆಗೂ ಬಾಟಲಿಗೂ ಮಾತ್ರ ಬಿಸಾಡುವವು. ಕಸ ಅರ್ಧಕ್ಕಿಂತ ಕಡಿಮೆಯಾಗಿದೆ.

ಪ್ಯಾಡ್ ಇದೆಯೆಂದು ನಡಿಗೆ ತಪ್ಪಿಸಿಲ್ಲ. ಲಸಿಕೆ ಮುಗಿದಾಗಿನಿಂದ ಬೆಳಿಗ್ಗೆ ಸಂಜೆ ಹೊರಗೆ ಹೋಗುತ್ತಾನೆ, ಮೂಸಬೇಕಾದ್ದನ್ನೆಲ್ಲ ಮೂಸುತ್ತಾನೆ, ಕಂಬಗಳಿಗೆ ಕಾಲೆತ್ತುತ್ತಾನೆ. ಜೋರು ಮಳೆ ಬಂದ ದಿನ, ನಾವು ತಡವಾದ ದಿನ ಯುಟಿಲಿಟಿಯ ಮೂಲೆ ಇದ್ದೇ ಇದೆ. ನೆಂಟರ ಮನೆಗೆ ಹೋಗುವಾಗ ಟ್ರೇ, ಬಾಟಲಿ ಮತ್ತು ಮನೆಯಲ್ಲಿ ಬಳಸಿದ ಒಂದು ಪ್ಯಾಡನ್ನು ಕವರಿನಲ್ಲಿ ಕಟ್ಟಿ ಜೊತೆಗೆ ಒಯ್ಯುತ್ತೇನೆ. ಮನೆಯವರನ್ನು ಕೇಳಿ ಒಂದು ಮೂಲೆಯಲ್ಲಿ ಅದನ್ನೆಲ್ಲ ಹೂಡಿ, ಗುಂಡನನ್ನು ಮೊದಲು ಅಲ್ಲಿಗೇ ಕರೆದೊಯ್ದು ಸುಸು ಮಾಡಿಸುತ್ತೇನೆ. ಬೆಲ್ಟ್ ಬಿಚ್ಚುವುದು ಅದಾದ ಮೇಲೆ.